ಇರುವ ಓಟು ಬೂತಿಗೆ ಬರಲಿ: ಸಣ್ಣ ಪಕ್ಷದ ಕಾರ್ಯಕರ್ತರಿಗೊಂದು ಮಾರ್ಗದರ್ಶಿ

ಚಿಕ್ಕಮಗಳೂರಿನ ಹಳಬರಿಗೆ ಚುನಾವಣೆ ಅಂದರೆ ಇವತ್ತಿಗೂ 1978ರದ್ದೇ. ಇಂದಿರಾ ಗಾಂಧಿ ಇಲ್ಲಿ ವೀರೇಂದ್ರ ಪಾಟೀಲರ ಎದುರು ನಿಂತು ಲೋಕಸಭೆಗೆ ಗೆದ್ದ ಉಪಚುನಾವಣೆಯ ಕತೆ ಕೇಳುತ್ತ ಬೆಳೆದವರಿಗೆ ಪ್ರಚಾರ ಎಂದರೆ ಜೀಪು, ಮೈಕು, ಬಾವುಟ, ಕಿಕ್ಕಿರಿದ ಜನ. ಆ ಗುಂಗಿನಲ್ಲೇ ಇವತ್ತಿನ ಸಣ್ಣ ಪಕ್ಷಗಳೂ ವಾರ್ಡ್ ಚುನಾವಣೆಗೆ ಇಳಿಯುತ್ತವೆ. ಇದ್ದಬದ್ದ ದುಡ್ಡನ್ನೆಲ್ಲ ಆಜಾದ್ ಪಾರ್ಕ್ ವೃತ್ತದ ಒಂದು ಸಂಜೆಯ ಸಭೆಗೆ ಸುರಿದು, ಮತದಾನದ ದಿನ ಬೂತಿನ ಹೊರಗೆ ಕೂರಲು ಇಬ್ಬರು ಸಿಗದೆ ಒದ್ದಾಡುತ್ತವೆ. ಎಣಿಕೆ ಮುಗಿದ ಮೇಲೆ "ಜನ ಕೈಬಿಟ್ಟರು" ಅನ್ನುವ ಮಾತು ಬೇರೆ. ಎಷ್ಟೋ ಸಲ ಜನ ಕೈಬಿಟ್ಟಿರುವುದಿಲ್ಲ. ಮನೆಯಲ್ಲೇ ಉಳಿದಿರುತ್ತಾರೆ, ತೋಟಕ್ಕೆ ಹೋಗಿರುತ್ತಾರೆ, ಇಲ್ಲವೇ ಅವರ ಹೆಸರು ಪಕ್ಕದ ವಾರ್ಡಿನ ಪಟ್ಟಿಯಲ್ಲಿ ಕೂತಿರುತ್ತದೆ.

ಹತ್ತಿಪ್ಪತ್ತು ಕಾರ್ಯಕರ್ತರು, ನಾಲ್ಕು ಬೈಕು, ಖಾಲಿ ಜೇಬು ಇರುವ ಪಕ್ಷಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಬಾವುಟದ ಬಣ್ಣ ಯಾವುದಾದರೂ ಸರಿ. ಗ್ರಾಮ ಪಂಚಾಯಿತಿ ಚುನಾವಣೆ ನಮ್ಮಲ್ಲಿ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆ, ಅದರ ದಾರಿಯೇ ಬೇರೆ. ಇಲ್ಲಿ ಹೇಳುವುದು ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ, ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಬಗ್ಗೆ.

ಮೊದಲು ಲೆಕ್ಕ

ಒಂದು ವಾರ್ಡಿನಲ್ಲಿ 3,000 ಮತದಾರರು ಎಂದಿಟ್ಟುಕೊಳ್ಳಿ. ನೂರಕ್ಕೆ 65 ಜನ ಓಟು ಹಾಕಿದರೆ 1,950. ಕಣದಲ್ಲಿ ನಾಲ್ವರಿದ್ದರೆ 700–750ರ ಹತ್ತಿರ ಬಂದವರು ಗೆಲ್ಲುತ್ತಾರೆ. ನಿಮ್ಮನ್ನು ಮೆಚ್ಚಿದವರು, ಹಳೇ ಪರಿಚಯದವರು, ಎದುರು ಪಾರ್ಟಿ ಮೇಲೆ ಮುನಿದವರು ಎಲ್ಲ ಸೇರಿ 500 ಜನ ಇದ್ದಾರೆ ಅನ್ನಿ. ಅವರೂ ನೂರಕ್ಕೆ 65ರಂತೆಯೇ ಬಂದರೆ ನಿಮಗೆ ಸಿಗುವುದು 325. ಅದೇ 500 ಜನರಲ್ಲಿ ನೂರಕ್ಕೆ 85 ಜನರನ್ನು ಮನೆಯಿಂದ ಹೊರಡಿಸಿದರೆ 425. ಹೊಸದಾಗಿ ಒಬ್ಬರ ಮನಸ್ಸನ್ನೂ ಬದಲಿಸದೆ ನೂರು ಓಟು ಹೆಚ್ಚಾಯಿತು.

ನಗರಸಭೆ ವಾರ್ಡುಗಳಲ್ಲಿ ಗೆಲುವು ಸೋಲಿನ ಅಂತರ ಎಷ್ಟೋ ಕಡೆ ಇದಕ್ಕಿಂತ ಕಡಿಮೆ ಇರುತ್ತದೆ. ದೊಡ್ಡ ಪಕ್ಷಕ್ಕೆ ಟಿವಿ, ನಾಯಕರು, ದುಡ್ಡು ಎಲ್ಲ ಸೇರಿ ಜನರನ್ನು ಹೊರಡಿಸುತ್ತವೆ. ನಿಮ್ಮ ಮತದಾರರಿಗೆ "ಇವನು ಗೆಲ್ಲೋದಿಲ್ಲ, ಸುಮ್ಮನೆ ಯಾಕೆ ಸಾಲಲ್ಲಿ ನಿಲ್ಲೋದು" ಅನ್ನಿಸುವುದು ಸಹಜ. ಹಾಗಾಗಿ ಅವರನ್ನು ಒಬ್ಬೊಬ್ಬರನ್ನಾಗಿಯೇ ಹೊರಡಿಸಬೇಕು. ಚಿಕ್ಕಮಗಳೂರು ನಗರಸಭೆಯ ಎಲ್ಲ 35 ವಾರ್ಡಿಗೂ ಅಭ್ಯರ್ಥಿ ಹಾಕುವ ಹಟ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮೂರು ವಾರ್ಡು ಆರಿಸಿ, ಅಲ್ಲಿ ಬೀದಿಬೀದಿಗೆ ಜನ ಇಡಿ.

ಓಟರ್ ಲಿಸ್ಟನ್ನು ಬೀದಿಗೆ ಇಳಿಸುವುದು

ಸ್ಥಳೀಯ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಲೋಕಸಭೆ, ವಿಧಾನಸಭೆ ನೋಡಿಕೊಳ್ಳುವ ಭಾರತ ಚುನಾವಣಾ ಆಯೋಗ ಬೇರೆ, ಇದು ಬೇರೆ. ಆದರೆ ಮತದಾರರ ಪಟ್ಟಿಯ ಮೂಲ ವಿಧಾನಸಭೆಯದ್ದೇ. ಅದನ್ನು ವಾರ್ಡುವಾರು ಹರಿದು ಹಂಚುತ್ತಾರೆ. ಹರಿಯುವಾಗ ಅಂಚಿನ ಬೀದಿಗಳು ಅತ್ತಿತ್ತ ಆಗುತ್ತವೆ. ರಸ್ತೆಯ ಈ ಬದಿಯವರು ಒಂದು ವಾರ್ಡು, ಆ ಬದಿಯವರು ಇನ್ನೊಂದು, ಮಧ್ಯೆ ಎರಡು ಮನೆಯವರು ಎಲ್ಲಿದ್ದಾರೆ ಅನ್ನುವುದು ಅವರಿಗೇ ಗೊತ್ತಿಲ್ಲ. ವಿಧಾನಸಭೆ ಚುನಾವಣೆಯಲ್ಲಿ ಓಟು ಹಾಕಿದ ಶಾಲೆಗೇ ಹೋಗಿ, ಹೆಸರಿಲ್ಲ ಅಂತ ಬೈದುಕೊಂಡು ವಾಪಸ್ ಬರುವವರು ಪ್ರತಿ ಸಲ ಇರುತ್ತಾರೆ. ಒಮ್ಮೆ ಹಾಗೆ ವಾಪಸ್ ಹೋದವರು ಎರಡನೇ ಬೂತಿಗೆ ಹೋಗುವುದು ಅಪರೂಪ.

ಅದಕ್ಕೆ ಕರಡು ಪಟ್ಟಿ ಬಂದ ದಿನವೇ ಪ್ರತಿ ಪಡೆದುಕೊಳ್ಳಿ. ಆಕ್ಷೇಪಣೆ ಸಲ್ಲಿಸಲು ಕೊಡುವ ದಿನಗಳು ಕಡಿಮೆ. ಇನ್ನೂರು ಪುಟದ ನೋಟ್‌ಬುಕ್ ತಗೊಂಡು ಒಂದು ಬೀದಿಗೆ ಎರಡು ಪುಟದಂತೆ ಬಿಡಿ. ಪಟ್ಟಿಯಲ್ಲಿ ಹೆಸರು ಬರುವ ಕ್ರಮ ಮನೆಗಳ ಕ್ರಮವೇ ಆಗಿರುವುದಿಲ್ಲ. ನೀವು ಮನೆಗಳ ಕ್ರಮದಲ್ಲಿ ಬರೆಯಿರಿ: ಎಡಬದಿ ಮೊದಲ ಮನೆ, ಎರಡನೇ ಮನೆ, ಹೀಗೆ. ಪ್ರತಿ ಹೆಸರಿನ ಮುಂದೆ ಭಾಗ ಸಂಖ್ಯೆ ಮತ್ತು ಕ್ರಮ ಸಂಖ್ಯೆ. ಆಮೇಲೆ ಪುಸ್ತಕ ಹಿಡಿದು ಬೀದಿಗೆ ಇಳಿಯಿರಿ.

ಉಪ್ಪಳ್ಳಿಯಲ್ಲಾಗಲಿ ಹಿರೇಮಗಳೂರಿನಲ್ಲಾಗಲಿ ಒಂದು ಬೀದಿ ಸುತ್ತಿದರೆ ಸಾಕು, ಪಟ್ಟಿ ಎಷ್ಟು ಹಳತು ಅಂತ ತಿಳಿಯುತ್ತದೆ. ತೀರಿಹೋದ ಅಜ್ಜ ಪಟ್ಟಿಯಲ್ಲಿ ಇನ್ನೂ ಇದ್ದಾರೆ. ಕಡೂರಿಗೆ ಮದುವೆಯಾಗಿ ಹೋದ ಮಗಳು ತವರಿನಲ್ಲೇ ಇದ್ದಾಳೆ, ಈ ಮನೆಗೆ ಬಂದ ಸೊಸೆ ಎಲ್ಲೂ ಇಲ್ಲ. ಬಾಡಿಗೆಯವರು ಖಾಲಿ ಮಾಡಿ ಎರಡು ವರ್ಷವಾಗಿದೆ. ಹೊಸ ಹೆಸರಿಗೆ ನಮೂನೆ 6, ತೆಗೆಯಲು 7, ವಿಳಾಸ ಬದಲಾವಣೆ ಮತ್ತು ತಿದ್ದುಪಡಿಗೆ 8. ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಓ (ಬೂತ್ ಮಟ್ಟದ ಅಧಿಕಾರಿ) ಹೆಚ್ಚಾಗಿ ನಿಮ್ಮ ವಾರ್ಡಿನ ಅಂಗನವಾಡಿ ಕಾರ್ಯಕರ್ತೆಯೋ ಶಾಲೆಯ ಮೇಷ್ಟರೋ ಆಗಿರುತ್ತಾರೆ. ಅವರಿಗೆ ಇದರ ಜೊತೆ ಇನ್ನೂ ಹತ್ತು ಕೆಲಸ ಇರುತ್ತವೆ. ಅರ್ಜಿಗಳನ್ನು ಭರ್ತಿ ಮಾಡಿ, ದಾಖಲೆ ಜೋಡಿಸಿ ಕೊಟ್ಟರೆ ಕೆಲಸ ಆಗುತ್ತದೆ. ಜೋರು ಮಾಡಿದರೆ ಆಗುವುದಿಲ್ಲ. ಎದುರು ಪಕ್ಷದವರ ಓಟು ಎಂದು ತಿಳಿದು ಬದುಕಿರುವವರ ಹೆಸರು ತೆಗೆಸಲು 7 ಹಾಕುವ ಚಾಳಿಯೂ ಇದೆ. ಸುಳ್ಳು ಘೋಷಣೆ ಶಿಕ್ಷೆಗೆ ಗುರಿಯಾಗುವ ಅಪರಾಧ, ಮೇಲಾಗಿ ಚಿಕ್ಕ ಊರಿನಲ್ಲಿ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ.

ಪುಸ್ತಕದಲ್ಲಿ ಮೂರು ಗುರುತು ಸಾಕು. ಖಚಿತ ಇದ್ದವರಿಗೆ ಟಿಕ್, ಅನುಮಾನ ಇದ್ದವರಿಗೆ ಸೊನ್ನೆ, ಬೇರೆಯವರಿಗೆ ಗೀಟು. ಖಚಿತ ಅನ್ನುವುದಕ್ಕೆ ಅಳತೆ ಬಿಗಿಯಾಗಿರಲಿ. ಬಾಗಿಲಿಗೆ ಬಂದವರಿಗೆಲ್ಲ "ನಿಮಗೇ ಕಣಪ್ಪ, ಇನ್ಯಾರಿಗೆ ಹಾಕ್ತೀವಿ" ಅನ್ನುವುದು ನಮ್ಮ ಜನರ ಸೌಜನ್ಯ, ಅದನ್ನು ಓಟು ಎಂದು ಎಣಿಸಬೇಡಿ. ಕಾಫಿ ಕೊಟ್ಟು ಕೂರಿಸಿ, ವಾರ್ಡಿನ ಚರಂಡಿಯ ವಿಷಯ ತೆಗೆದು, ನಿಮ್ಮ ಅಭ್ಯರ್ಥಿಯ ಹೆಸರನ್ನು ತಾವಾಗಿ ಹೇಳಿದರೆ ಟಿಕ್ ಹಾಕಿ. ಜಾತಿಯ ಕಾಲಂ ಬೇಡ. ಅದನ್ನು ಬರೆದ ಕ್ಷಣದಿಂದ ನೀವು ಮನೆಗಳನ್ನು ಕೇಳುವುದು ಬಿಟ್ಟು ಊಹಿಸತೊಡಗುತ್ತೀರಿ. ಇನ್ನು ಈ ಪುಸ್ತಕದ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದಂತೂ ಕೂಡದು. ಯಾರು ಯಾರ ಕಡೆ ಎಂಬುದು ಹೊರಗೆ ಹೋದರೆ ನಾಳೆ ಆ ಮನೆಗೆ ತೊಂದರೆ, ನಾಡಿದ್ದು ನಿಮಗೆ ಆ ಮನೆಯ ಬಾಗಿಲು ತೆರೆಯುವುದಿಲ್ಲ.

ಚಿಹ್ನೆ ತಡವಾಗಿ ಸಿಗುತ್ತದೆ

ಮಾನ್ಯತೆ ಪಡೆಯದ ನೋಂದಾಯಿತ ಪಕ್ಷಕ್ಕೆ ಕಾಯಂ ಚಿಹ್ನೆ ಇರುವುದಿಲ್ಲ. ಆಟೊ, ಗ್ಯಾಸ್ ಸಿಲಿಂಡರ್, ಹೊಲಿಗೆ ಯಂತ್ರ ಇಂಥ ಮುಕ್ತ ಚಿಹ್ನೆಗಳಲ್ಲಿ ಒಂದು ಸಿಗುವುದು ನಾಮಪತ್ರ ವಾಪಸ್ ಪಡೆಯುವ ಗಡುವು ಮುಗಿದ ಮೇಲೆ. ಅಲ್ಲಿಂದ ಮತದಾನಕ್ಕೆ ಉಳಿಯುವುದು ಕೆಲವೇ ದಿನ. ಅದಕ್ಕೂ ಮೊದಲೇ ಕರಪತ್ರ ಅಚ್ಚು ಹಾಕಿಸಿ ದುಡ್ಡು ಸುಡಬೇಡಿ. ಮೊದಲ ಸುತ್ತಿನಲ್ಲಿ ಅಭ್ಯರ್ಥಿಯ ಮುಖ ಮತ್ತು ಹೆಸರು, ಎರಡನೇ ಸುತ್ತಿನಲ್ಲಿ ಚಿಹ್ನೆ ಮತ್ತು ಕ್ರಮ ಸಂಖ್ಯೆ. ವಿದ್ಯುನ್ಮಾನ ಯಂತ್ರವೋ ಮತಪತ್ರವೋ ಎಂಬುದನ್ನು ಆ ಬಾರಿಯ ಅಧಿಸೂಚನೆ ನೋಡಿ ತಿಳಿದುಕೊಳ್ಳಿ, ಮನೆಯಲ್ಲಿ ತೋರಿಸಿಕೊಡುವ ರೀತಿ ಅದರ ಮೇಲೆ ನಿಂತಿದೆ. ಅಕ್ಷರ ಓದಲಾಗದ ಅಮ್ಮಂದಿರಿಗೆ "ಮೇಲಿಂದ ನಾಲ್ಕನೇದು, ಹೊಲಿಗೆ ಮಿಷನ್ನು" ಅನ್ನುವಷ್ಟು ಸಾಕು. ಅದನ್ನು ಅವರ ಬಾಯಲ್ಲಿ ತಿರುಗಿ ಹೇಳಿಸಿ ಬನ್ನಿ.

ಯಾರು ಬರುವುದಿಲ್ಲ, ಯಾಕೆ

ಟಿಕ್ ಬಿದ್ದ ಹೆಸರುಗಳನ್ನು ಇನ್ನೊಮ್ಮೆ ನೋಡುತ್ತ, ಪ್ರತಿ ಹೆಸರಿನ ಮುಂದೆ ಕೇಳಿಕೊಳ್ಳಬೇಕು: ಆ ದಿನ ಇವರನ್ನು ತಡೆಯುವುದು ಏನು? ನಮ್ಮ ಜಿಲ್ಲೆಯಲ್ಲಿ ಉತ್ತರ ಬಹಳ ಮಟ್ಟಿಗೆ ಕಾಫಿ ತೋಟದಲ್ಲೇ ಇದೆ.

ಚಿಕ್ಕಮಗಳೂರು ನಗರಸಭೆಗೆ 2021ರಲ್ಲಿ ಮತದಾನ ನಡೆದದ್ದು ಡಿಸೆಂಬರ್ 27ರಂದು, ಅರೇಬಿಕಾ ಹಣ್ಣು ಕೊಯ್ಲಿನ ನಡುವೆ. ಜಿಲ್ಲಾ, ತಾಲ್ಲೂಕು ಪಂಚಾಯಿತಿ ಚುನಾವಣೆ 2016ರಲ್ಲಿ ನಡೆದದ್ದು ಫೆಬ್ರವರಿಯಲ್ಲಿ, ಆಗ ರೋಬಸ್ಟಾ ಕೊಯ್ಲು. ಯಾರೂ ಬೇಕೆಂದೇ ಹಾಗೆ ಮಾಡಿದ್ದಲ್ಲ. ಆದರೆ ಪಟ್ಟಣದ ಅಂಚಿನ ಬಡಾವಣೆಗಳಿಂದ ಬೆಳಿಗ್ಗೆ ಪಿಕಪ್ ಹತ್ತಿ ತೋಟಕ್ಕೆ ಹೋಗುವ ಹೆಂಗಸರ ಓಟು ಆ ದಿನಗಳಲ್ಲಿ ಏನಾಗುತ್ತದೆ ಎಂದು ನೋಡಿ. ಕೊಯ್ಲಿನ ಕೂಲಿ ಕೆಜಿ ಲೆಕ್ಕ. ಗಿಡದಲ್ಲಿ ಹಣ್ಣು ತುಂಬಿರುವ ದಿನಗಳಲ್ಲೇ ನಾಲ್ಕು ಕಾಸು ಹೆಚ್ಚು ಸಿಗುವುದು. ಪಿಕಪ್ ಬೆಳಿಗ್ಗೆ ಏಳರ ಆಸುಪಾಸಿಗೆ ಹೊರಟರೆ ವಾಪಸ್ ಬರುವಷ್ಟರಲ್ಲಿ ಬೂತಿನ ಬಾಗಿಲು ಮುಚ್ಚಿರುತ್ತದೆ.

ಮತದಾನದ ದಿನ ಸರ್ಕಾರ ರಜೆ ಘೋಷಿಸುತ್ತದೆ. ಆ ಆದೇಶದ ಪ್ರತಿ ತೆಗೆದುಕೊಂಡು ಒಂದು ವಾರ ಮೊದಲೇ ತೋಟದ ರೈಟರ್ (ಆಳುಗಳ ಹಾಜರಾತಿ, ಲೆಕ್ಕ ಬರೆಯುವವರು) ಬಳಿ ಹೋಗಿ. ಸಾಹುಕಾರರ ಮನೆಗೆ ನೇರವಾಗಿ ಹೋದರೆ ಅದು ರಾಜಕೀಯವಾಗುತ್ತದೆ, ರೈಟರ್ ಜೊತೆ ಮಾತಾಡಿದರೆ ಹಾಜರಾತಿಯ ವಿಷಯವಾಗುತ್ತದೆ. "ಅಣ್ಣ, ಆ ದಿನ ರಜೆ ಕೊಡೋದಾದ್ರೆ ಕೊಡಿ, ಆಗಲ್ಲಾಂದ್ರೆ ಗಾಡಿ ಒಂದೂವರೆ ಗಂಟೆ ತಡವಾಗಿ ಬಿಡಿ" ಎಂದು ಕೇಳಿ. ಎರಡನೆಯದಕ್ಕೆ ಒಪ್ಪುವವರು ಹೆಚ್ಚು. ಅದೂ ಆಗದಿದ್ದರೆ ಆ ಗಾಡಿಯ ಹೆಂಗಸರು ಏಳಕ್ಕೆ ಬಾಗಿಲು ತೆರೆಯುವ ಹೊತ್ತಿಗೆ ಸಾಲಿನ ಮುಂದೆ ನಿಂತಿರುವಂತೆ ಹಿಂದಿನ ಸಂಜೆಯೇ ಮಾತಾಡಿಕೊಳ್ಳಿ. ಮೇಸ್ತ್ರಿಯ ಹೆಂಡತಿ ಒಪ್ಪಿದರೆ ಗಾಡಿಯೆಲ್ಲ ಒಪ್ಪಿದಂತೆ. ಕಳೆದುಕೊಂಡ ಕೂಲಿಯನ್ನು ನಾವೇ ಕಟ್ಟಿಕೊಡುತ್ತೇವೆ ಎನ್ನುವ ಮಾತು ಮಾತ್ರ ಬಾಯಿಗೆ ಬರಬಾರದು. ಕರುಣೆಯಿಂದ ಕೊಟ್ಟರೂ ಕಾನೂನಿನ ಕಣ್ಣಿಗೆ ಅದು ಲಂಚವೇ.

ತೋಟದ ಲೈನ್ ಮನೆಗಳಲ್ಲಿ (ಕಾರ್ಮಿಕರ ಸಾಲು ಮನೆಗಳಲ್ಲಿ) ಇರುವವರೆಲ್ಲ ಇಲ್ಲಿನ ಮತದಾರರಲ್ಲ ಎಂಬುದೂ ನೆನಪಿರಲಿ. ಅಸ್ಸಾಂ ಕಡೆಯಿಂದ ಬಂದ ಎಷ್ಟೋ ಕಾರ್ಮಿಕರ ಹೆಸರು ಅವರ ಊರಲ್ಲಿದೆ. ತಲೆಮಾರುಗಳಿಂದ ಇಲ್ಲೇ ಇರುವ ಕುಟುಂಬಗಳ ಹೆಸರು ಇರಬೇಕಾದಲ್ಲಿ ಇಲ್ಲದಿರುವುದೂ ಉಂಟು, ಒಂದು ಎಸ್ಟೇಟಿಂದ ಇನ್ನೊಂದಕ್ಕೆ ಹೋದಾಗ ಯಾರೂ ನಮೂನೆ 8 ಹಾಕಿರುವುದಿಲ್ಲ. ಮೂಡಿಗೆರೆ, ಕಳಸ, ಆಲ್ದೂರು ಭಾಗದಲ್ಲಿ ತಾಲ್ಲೂಕು ಪಂಚಾಯಿತಿಗೆ ನಿಲ್ಲುವವರು ಈ ಒಂದು ಕೆಲಸ ಮಾಡಿದರೆ ಚುನಾವಣೆ ಅರ್ಧ ಮುಗಿದಂತೆ.

ಗಾಡಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮಲೆನಾಡಿನಲ್ಲಿ ಬೂತು ಮೂರು ನಾಲ್ಕು ಕಿಲೋಮೀಟರ್ ಆಚೆ ಇರುತ್ತದೆ, ಆನೆ ಓಡಾಡುವ ಕಡೆ ಬೆಳಕು ಹರಿಯುವ ಮುನ್ನ ಯಾರೂ ಹೊರಡುವುದಿಲ್ಲ. ಹಾಗಂತ ಪಕ್ಷವೋ ಅಭ್ಯರ್ಥಿಯೋ ಗಾಡಿ ಮಾಡಿ ಮತದಾರರನ್ನು ತುಂಬಿಕೊಂಡು ಹೋಗುವುದು ಭ್ರಷ್ಟ ಆಚರಣೆ, ಗೆದ್ದ ಸ್ಥಾನವೂ ಹೋಗಬಹುದು. ದೊಡ್ಡವರು ಮಾಡುತ್ತಾರಲ್ಲ ಎನ್ನಬೇಡಿ. ಕೋರ್ಟಿಗೆ ಅಲೆಯಲು ಅವರಿಗೆ ವಕೀಲರಿದ್ದಾರೆ. ಮತದಾರ ತನ್ನ ಬೈಕಿನಲ್ಲಿ ಹೆಂಡತಿಯನ್ನೂ ಅಮ್ಮನನ್ನೂ ಕರೆದುಕೊಂಡು ಹೋಗುವುದಕ್ಕೆ ಅಡ್ಡಿಯಿಲ್ಲ. ಹಾಗಾಗಿ ನಿಮ್ಮ ಕೆಲಸ ಯಾವ ಮನೆಯಲ್ಲಿ ಬೈಕಿದೆ, ಯಾವ ಮನೆಯವರು ಬಸ್ಸು ಹಿಡಿಯಬೇಕು ಎಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು, ಬಸ್ಸಿನ ಸಮಯ ನೆನಪಿಸುವುದು.

ಬೆಂಗಳೂರಿಗೆ ಹೋದ ಮಕ್ಕಳದ್ದು ಬೇರೆ ಕತೆ. ಶಾಸಕರ ಚುನಾವಣೆಗಾದರೆ ಊರಿಗೆ ಬರುತ್ತಾರೆ, ವಾರ್ಡಿನ ಮೆಂಬರ್ ಚುನಾವಣೆಗೆ ಬರುವುದಿಲ್ಲ. ಮತದಾನ ಶನಿವಾರವೋ ಸೋಮವಾರವೋ ಬಿದ್ದರೆ ಸ್ವಲ್ಪ ಆಸೆ ಇದೆ, ಬುಧವಾರ ಬಿದ್ದರೆ ಸಮಯ ವ್ಯರ್ಥ ಮಾಡಬೇಡಿ. ನೀವು ಫೋನ್ ಮಾಡಿದರೆ "ನೋಡ್ತೀನಿ ಅಣ್ಣ" ಅಂತಾರೆ, ಅಮ್ಮ ಮಾಡಿದರೆ ಟಿಕೆಟ್ ಬುಕ್ ಮಾಡುತ್ತಾರೆ. ಅಮ್ಮನ ಕೈಲೇ ಮಾಡಿಸಿ.

ವಯಸ್ಸಾದವರಲ್ಲಿ ಒಂದು ಗೊಂದಲ ಇದೆ. ವಿಧಾನಸಭೆಗೆ 2023ರಲ್ಲಿ 80 ದಾಟಿದವರಿಗೆ, ಲೋಕಸಭೆಗೆ 2024ರಲ್ಲಿ 85 ದಾಟಿದವರಿಗೆ ಮನೆಯಿಂದಲೇ ಓಟು ಹಾಕುವ ಅವಕಾಶ ಇತ್ತು. ಅದನ್ನು ನೆನಪಿಟ್ಟುಕೊಂಡು ನಗರಸಭೆಗೂ ಅಧಿಕಾರಿಗಳು ಮನೆಗೆ ಬರುತ್ತಾರೆಂದು ಅಜ್ಜ ಜಗುಲಿಯಲ್ಲಿ ಕೂತೇ ಇರುತ್ತಾರೆ. ಆ ಬಾರಿಯ ಅಧಿಸೂಚನೆಯಲ್ಲಿ ಆ ಅವಕಾಶ ಇಲ್ಲದಿದ್ದರೆ ಮೊದಲೇ ಹೇಳಿ, ಬಿಸಿಲೇರುವ ಮುನ್ನ ಮನೆಯವರೇ ಕರೆದೊಯ್ಯುವಂತೆ ಏರ್ಪಾಡು ಮಾಡಿ. ಕಣ್ಣು ಕಾಣದವರ ಜೊತೆ ಒಳಗೆ ಹೋಗಲು ಒಬ್ಬ ಸಂಗಾತಿಗೆ ಅವಕಾಶವಿದೆ. ಆದರೆ ಒಬ್ಬರು ಒಂದು ದಿನಕ್ಕೆ ಒಬ್ಬರಿಗೆ ಮಾತ್ರ ಸಂಗಾತಿಯಾಗಬಹುದು. ಬೀದಿಯ ಅಜ್ಜಿಯರಿಗೆಲ್ಲ ನಿಮ್ಮ ಕಾರ್ಯಕರ್ತನೇ ಕೈಹಿಡಿದು ಹೋಗುವುದು ನಡೆಯುವುದಿಲ್ಲ.

ಮತದಾನದ ಹಿಂದಿನ ಎರಡು ದಿನ

ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮೊದಲು ಬಹಿರಂಗ ಪ್ರಚಾರ ನಿಲ್ಲುತ್ತದೆ. ದೊಡ್ಡವರ ಮೈಕು ಬಂದಾಗುವ ಈ ಹೊತ್ತೇ ನಿಮ್ಮದು. ಟಿಕ್ ಇರುವ ಮನೆಗಳಿಗೆ ಮಾತ್ರ ಹೋಗಿ, ಸೊನ್ನೆಗಳ ಹಿಂದೆ ಬೀಳುವ ಕಾಲ ಮುಗಿಯಿತು. ಬಿಳಿ ಚೀಟಿ ಕೊಡಿ: ಹೆಸರು, ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಬೂತಿನ ವಿಳಾಸ. ಮತದಾನದ ದಿನ ಕೈಯಲ್ಲಿರುವ ಚೀಟಿಯ ಮೇಲೆ ಪಕ್ಷದ ಹೆಸರು, ಚಿಹ್ನೆ, ಅಭ್ಯರ್ಥಿಯ ಫೋಟೊ ಯಾವುದೂ ಇರಬಾರದು.

ಚೀಟಿ ಕೊಟ್ಟು ಓಡಬೇಡಿ, ಒಂದೇ ಒಂದು ಪ್ರಶ್ನೆ ಕೇಳಿ: "ಅಕ್ಕ, ಎಷ್ಟು ಹೊತ್ತಿಗೆ ಹೋಗ್ತೀರಿ?" ಹೋಗ್ತೀನಿ ಎಂದರೆ ಸಾಲದು, ಗಂಟೆ ಹೇಳಿಸಿ. "ತಿಂಡಿ ಮುಗಿಸ್ಕೊಂಡು ಒಂಬತ್ತಕ್ಕೆ, ಪಕ್ಕದ ಮನೆ ಲಲಿತಕ್ಕನ ಜೊತೆ" ಅಂತ ಬಾಯಿಬಿಟ್ಟು ಹೇಳಿದವರು ಹೋಗುತ್ತಾರೆ. ಆ ಗಂಟೆಯನ್ನು ಪುಸ್ತಕದಲ್ಲಿ ಹೆಸರಿನ ಮುಂದೆ ಬರೆಯಿರಿ, ಮಾರನೇ ದಿನ ಕೆಲಸಕ್ಕೆ ಬರುವುದು ಅದೇ.

ಇನ್ನೊಂದು ವಿಷಯ ಪ್ರತಿ ಮನೆಯಲ್ಲೂ ಹೇಳಬೇಕು. ವಿಧಾನಸಭೆಗೆ ಸಂಜೆ 6ರವರೆಗೆ ಓಟು ಹಾಕಿ ಅಭ್ಯಾಸವಾಗಿದೆ. ನಗರಸಭೆ, ಪುರಸಭೆಗಳಿಗೆ ಸಾಮಾನ್ಯವಾಗಿ ಬೆಳಿಗ್ಗೆ 7ರಿಂದ ಸಂಜೆ 5ರವರೆಗೆ ಮಾತ್ರ. ಐದೂವರೆಗೆ ಬಂದು ಗೇಟಿನ ಹೊರಗೆ ನಿಂತು ಜಗಳವಾಡುವವರನ್ನು ನೋಡಿದವರಿಗೆ ಇದು ಎಷ್ಟು ಓಟಿನ ಪ್ರಶ್ನೆ ಎಂದು ಗೊತ್ತು. ಐದು ಗಂಟೆಗೆ ಸಾಲಿನಲ್ಲಿ ನಿಂತಿರುವವರಿಗೆ ಮಾತ್ರ ಎಷ್ಟೇ ತಡವಾದರೂ ಅವಕಾಶ ಕೊಡಲೇಬೇಕು, ಸಾಲು ಉದ್ದವಿದೆ ಎಂದು ಯಾರನ್ನೂ ವಾಪಸ್ ಹೋಗಲು ಬಿಡಬೇಡಿ.

ಆ ದಿನ

ಬೂತಿನ ಒಳಗೆ ಒಬ್ಬ ಏಜೆಂಟ್. ಅವರು ಅದೇ ಭಾಗದ ಮತದಾರರಾಗಿರಲಿ, ಮುಖ ನೋಡಿ ಜನರನ್ನು ಗುರುತಿಸುವಂತಿರಲಿ. ಮತದಾನಕ್ಕೆ ಮುಂಚೆ ಯಂತ್ರ ಪರೀಕ್ಷಿಸುವ ಅಣಕು ಮತದಾನದ ಹೊತ್ತಿಗೇ ಅಲ್ಲಿರಬೇಕು, ತಿಂಡಿ ತಿನ್ನಲು ಎದ್ದು ಬರುವ ಏಜೆಂಟ್ ಬೇಡ. ಯಾರೋ ನಿಮ್ಮ ಮತದಾರರ ಹೆಸರಲ್ಲಿ ಮೊದಲೇ ಓಟು ಹಾಕಿದ್ದರೆ ಆ ಮತದಾರರು ಸುಮ್ಮನೆ ವಾಪಸ್ ಹೋಗಬೇಕಿಲ್ಲ, ಟೆಂಡರ್ ಓಟು (ಬೇರೆ ಮತಪತ್ರದಲ್ಲಿ ಹಾಕುವ ಓಟು) ಕೇಳುವ ಹಕ್ಕಿದೆ. ಇದನ್ನು ಏಜೆಂಟರಿಗೆ ಕಲಿಸಿ ಕಳಿಸಿ.

ಯಾರು ಬಂದರು, ಯಾರು ಬರಲಿಲ್ಲ ಎಂಬ ಕ್ರಮ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಹೊರಗೆ ಕಳಿಸಲು ಏಜೆಂಟರಿಗೆ ಅವಕಾಶವಿಲ್ಲ, ಒಳಗೆ ಮೊಬೈಲೂ ಇಲ್ಲ. ಹಾಗಾದರೆ ಲೆಕ್ಕ ಹೇಗೆ? ಬೀದಿಯಿಂದಲೇ. ಪ್ರತಿ ಬೀದಿಗೆ ಅದೇ ಬೀದಿಯ ಒಬ್ಬ ಹೆಣ್ಣುಮಗಳನ್ನು ಒಪ್ಪಿಸಿ, ಆ ಬೀದಿಯ ಎರಡು ಪುಟ ಅವರ ಕೈಯಲ್ಲಿರಲಿ. ಹಾಲು ತರುವಾಗ, ನಲ್ಲಿಯ ಹತ್ತಿರ, ಅಂಗಡಿ ಮುಂದೆ ಎದುರಾದವರ ಎಡಗೈ ಬೆರಳು ನೋಡಿದರೆ ತಿಳಿಯುತ್ತದೆ. ಶಾಯಿ ಇದ್ದರೆ ಹೆಸರಿಗೆ ಅಡ್ಡಗೆರೆ. ಹನ್ನೊಂದಕ್ಕೆ ಒಮ್ಮೆ, ಎರಡಕ್ಕೆ ಒಮ್ಮೆ, ಮೂರೂವರೆಗೆ ಒಮ್ಮೆ ಪುಟ ನೋಡಿ. ಒಂಬತ್ತಕ್ಕೆ ಹೋಗುತ್ತೇನೆಂದವರು ಹನ್ನೊಂದಾದರೂ ಹೋಗಿಲ್ಲವೆಂದರೆ ಬಾಗಿಲು ತಟ್ಟಿ. ಓಟು ಕೇಳಬೇಡಿ, "ಯಾಕಕ್ಕ, ಹುಷಾರಿಲ್ವ?" ಎಂದು ಕೇಳಿ. ಅರ್ಧ ಸಲ ಕಾರಣ ಚಿಕ್ಕದಿರುತ್ತದೆ: ಮಗು ಮಲಗಿದೆ, ಗುರುತಿನ ಚೀಟಿ ಸಿಗುತ್ತಿಲ್ಲ, ಗಂಡ ಬರಲಿ ಎಂದು ಕಾಯುತ್ತಿದ್ದಾರೆ. ಗುರುತಿನ ಚೀಟಿ ಇಲ್ಲದಿದ್ದರೆ ಆಯೋಗ ಒಪ್ಪಿದ ಬೇರೆ ದಾಖಲೆಗಳ ಪಟ್ಟಿ ಇರುತ್ತದೆ, ಅದರ ಒಂದು ಪ್ರತಿ ಬೀದಿಯವರ ಬಳಿ ಇರಲಿ. ಮಗುವನ್ನು ಅರ್ಧ ಗಂಟೆ ನೋಡಿಕೊಳ್ಳುವುದು ಯಾವ ಕಾನೂನಿಗೂ ವಿರುದ್ಧವಲ್ಲ.

ಮಧ್ಯಾಹ್ನ ಒಂದರಿಂದ ಎರಡೂವರೆ ಕಾರ್ಯಕರ್ತರೂ ಊಟ ಮಾಡಿ ಮಲಗುವ ಹೊತ್ತು. ಆಗ ಬೂತಿನಲ್ಲಿ ಸಾಲು ಇರುವುದಿಲ್ಲ. ಸಾಲಿಗೆ ಹೆದರಿ ಬೆಳಿಗ್ಗೆ ವಾಪಸ್ ಬಂದವರಿಗೆ "ಈಗ ಖಾಲಿ ಇದೆ, ಹತ್ತು ನಿಮಿಷದ ಕೆಲಸ" ಎಂದು ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಇಲ್ಲ.

ಬೂತಿನಿಂದ 100 ಮೀಟರ್ ಒಳಗೆ ಪ್ರಚಾರ ಮಾಡುವಂತಿಲ್ಲ. ಮೇಜು ಕುರ್ಚಿ ಎಷ್ಟು ದೂರದಲ್ಲಿ ಹಾಕಬೇಕೆಂದು ಚುನಾವಣಾಧಿಕಾರಿಯ ಸೂಚನೆಯಲ್ಲಿ ಇರುತ್ತದೆ. ಅದನ್ನು ಜೇಬಲ್ಲಿಟ್ಟುಕೊಳ್ಳಿ, ಯಾರಾದರೂ ಪೊಲೀಸರು ಎಬ್ಬಿಸಲು ಬಂದರೆ ವಾದಕ್ಕಿಂತ ಕಾಗದ ವಾಸಿ. ಎದುರಿನವರು ದುಡ್ಡು ಹಂಚುತ್ತಿದ್ದರೆ ಹೊಡೆದಾಟಕ್ಕೆ ಹೋಗಬೇಡಿ. ವಿಡಿಯೊ ಮಾಡಿ, ಸಮಯ ಬರೆದು, ಬೂತುಗಳ ಉಸ್ತುವಾರಿ ನೋಡುವ ಸೆಕ್ಟರ್ ಅಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಗಲಾಟೆಯಾದ ಬೂತಿಗೆ ಮೊದಲು ಬರುವುದನ್ನು ನಿಲ್ಲಿಸುವವರು ಹೆಂಗಸರು ಮತ್ತು ವಯಸ್ಸಾದವರು, ಅಂದರೆ ನಿಮ್ಮ ಪುಸ್ತಕದ ಟಿಕ್‌ಗಳು.

ಐದಾದ ಮೇಲೆ

ದಾಖಲಾದ ಒಟ್ಟು ಮತಗಳ ಲೆಕ್ಕದ ಪ್ರತಿಯನ್ನು ಏಜೆಂಟ್ ಮತಗಟ್ಟೆ ಅಧಿಕಾರಿಯಿಂದ ಪಡೆದೇ ಹೊರಗೆ ಬರಬೇಕು, ಎಣಿಕೆಯ ದಿನ ತಾಳೆ ನೋಡಲು ಬೇಕಾಗುತ್ತದೆ. ಖರ್ಚಿನ ಲೆಕ್ಕವನ್ನು ರಸೀದಿಗಳೊಂದಿಗೆ ಗಡುವಿನೊಳಗೆ ಸಲ್ಲಿಸಿ. ಸೋತವರು ಇದನ್ನು ಮರೆಯುತ್ತಾರೆ, ಮುಂದಿನ ಸಲ ನಾಮಪತ್ರ ಹಾಕುವಾಗ ಅನರ್ಹತೆಯ ನೋಟಿಸು ನೆನಪಿಸುತ್ತದೆ.

ಬೀದಿಯವರಿಂದ ಪುಟಗಳನ್ನು ಅದೇ ರಾತ್ರಿ ವಾಪಸ್ ತೆಗೆದುಕೊಂಡು ಒಂದೇ ಕಡೆ ಇಡಿ. ಟಿಕ್ ಇದ್ದೂ ಅಡ್ಡಗೆರೆ ಬೀಳದ ಹೆಸರುಗಳನ್ನು ಬೇರೆ ಹಾಳೆಗೆ ಇಳಿಸಿ, ಪ್ರತಿಯೊಂದರ ಮುಂದೆ ಕಾರಣ ಬರೆಯಿರಿ: ತೋಟ, ಬೆಂಗಳೂರು, ಪಟ್ಟಿಯಲ್ಲಿ ಹೆಸರಿಲ್ಲ, ಮನಸ್ಸಿಲ್ಲ. ವಾರ ಕಳೆದರೆ ಯಾರಿಗೂ ಕಾರಣ ನೆನಪಿರುವುದಿಲ್ಲ. ಹೆಸರಿಲ್ಲದವರ ಅರ್ಜಿಗಳನ್ನು ಮುಂದಿನ ಚುನಾವಣೆ ಘೋಷಣೆಯಾಗಲಿ ಎಂದು ಕಾಯಬೇಡಿ. ವಿಧಾನಸಭೆಯ ಪಟ್ಟಿಗೆ ಈಗ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ, 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಪಿಯು ಓದುತ್ತಿರುವ ಮಕ್ಕಳಿರುವ ಮನೆಗಳನ್ನು ಪುಸ್ತಕದಲ್ಲಿ ಗುರುತು ಮಾಡಿ, ಪರೀಕ್ಷೆ ಮುಗಿದ ಮೇಲೆ ನಮೂನೆ 6 ಹಿಡಿದು ಹೋಗಿ.